ಎರಡನೇ ಶೆಡ್ಡಿನ ಗೋಗ್ರಾಸ

ಹಂದಿಯು ತಾನು ತಿಂದದ್ದಕ್ಕಿಂತ ಶೇಕಡಾ ಒಂಬತ್ತರಷ್ಟು ಹೆಚ್ಚು ಪೌಷ್ಟಿಕಾಂಶವನ್ನು ಮೈಗೂಡಿಸಿಕೊಳ್ಳುತ್ತದೆ ಎಂಬ ಸತ್ಯವು ಕಳೆದ ಜೂನ್ ತಿಂಗಳ ಹದಿನಾಲ್ಕನೇ ತಾರೀಕು, ಶುಕ್ರವಾರ ಬೆಳಿಗ್ಗೆ ಹನ್ನೊಂದೂಕಾಲು ಗಂಟೆಗೆ, ಚೆನ್ನೈಯ ದಕ್ಷಿಣ ಪ್ರಾಂತ ಸೂಕರ ಪೋಷಣಾ ಸಂಶೋಧನಾ ಕೇಂದ್ರದಲ್ಲಿ ಅಧಿಕೃತವಾಗಿ ಸ್ಥಾಪಿತವಾಯಿತು. ಸಭೆಯಲ್ಲಿ ಹನ್ನೊಂದು ಮಂದಿ ಹಾಜರಿದ್ದರು. ವಿರೋಧಿಸಿದವರು ಯಾರೂ ಇಲ್ಲ. ಸತ್ಯಕ್ಕೆ ಕ್ರಮಸಂಖ್ಯೆ ಹಾಕಿ ಕಡತಕ್ಕೆ ಸೇರಿಸಿದವನು ಕಚೇರಿ ಅಧೀಕ್ಷಕನಾದ ಮುರಳೀಧರ, ಅಂದರೆ ನಾನು.

ನಮ್ಮ ಕೇಂದ್ರ ಇರುವುದು ಮಾಧವರಂ ಬಸ್ ನಿಲ್ದಾಣ ದಾಟಿ ಎರಡು ಮೈಲಿ ಆಚೆಗೆ. ಇಲ್ಲಿ ಕಡತ ನಡೆಯುವುದು ಇಂಗ್ಲಿಷಿನಲ್ಲಿ, ಜಗಳ ನಡೆಯುವುದು ತಮಿಳಿನಲ್ಲಿ. ಈ ವರದಿಯನ್ನು ಮಾತ್ರ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಯಾರೂ ನನ್ನಿಂದ ಕೇಳಿಲ್ಲ. ರೈಲ್ವೆ ಗುಮಾಸ್ತರಾಗಿ ಈ ಊರಿಗೆ ಬಂದ ನಮ್ಮ ತಂದೆ, ಮೇಲಿನವರು ಕೇಳದೆ ಇದ್ದದ್ದನ್ನು ಮನೆಭಾಷೆಯಲ್ಲೇ ಇಟ್ಟುಕೊಳ್ಳಬೇಕು ಎನ್ನುತ್ತಿದ್ದರು.

ಪ್ರಯೋಗದ ವಿಷಯ ಸರಳವಾದದ್ದು. ಪ್ರೋಟೀನು ಹೊಟ್ಟೆಯೊಳಗೆ ಒಡೆದು ಅಮೈನೊ ಆಮ್ಲಗಳೆಂಬ ಸಣ್ಣ ತುಣುಕುಗಳಾಗುತ್ತದೆ. ಆ ತುಣುಕುಗಳು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೈಗೆ ಸೇರುತ್ತವೆ. ಬೆಳೆಯುವ ಹಂದಿಗೆ ಪ್ರೋಟೀನನ್ನೇ ಕಡಿಮೆ ಕೊಟ್ಟರೆ ಈ ಸೇರುವ ಕೆಲಸ ಏನಾಗುತ್ತದೆ ಎಂದು ತಿಳಿಯಬೇಕಾಗಿತ್ತು. ಅದಕ್ಕಾಗಿ ಮಾರ್ಚ್ ತಿಂಗಳಲ್ಲಿ ಇಪ್ಪತ್ತೈದು ಕಿಲೋ ತೂಗುವ ಹನ್ನೆರಡು ಹಂದಿಗಳನ್ನು ಬರಮಾಡಿಕೊಂಡು ಆರಾರರಂತೆ ಎರಡು ಶೆಡ್ಡುಗಳಲ್ಲಿ ಇರಿಸಿದೆವು. ಒಂದನೇ ಶೆಡ್ಡಿಗೆ ನೂರಕ್ಕೆ ಹದಿನೆಂಟು ಪಾಲು ಪ್ರೋಟೀನಿನ ಆಹಾರ. ಎರಡನೇ ಶೆಡ್ಡಿಗೆ ಬರೀ ಹನ್ನೆರಡು ಪಾಲು. ಕಡತದಲ್ಲಿ ಇವುಗಳ ಹೆಸರು 'ಬೆಳೆಯುವ ಹಂದಿ'. ನಿಯಮದ ಪ್ರಕಾರ ಪ್ರಯೋಗ ಮುಗಿಯುವವರೆಗೆ ಅವು ಎಷ್ಟೇ ಬೆಳೆದರೂ ಬೆಳೆಯುವ ಹಂದಿಗಳೇ.

ಪ್ರಯೋಗ ವೀಕ್ಷಾಳದ್ದು. ಚೆನ್ನೈಯ ಬೆಸೆಂಟ್ ನಗರದಲ್ಲೇ ಹುಟ್ಟಿ ಬೆಳೆದ ಹುಡುಗಿ, ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ ಬರುತ್ತದೆ. ಹಂದಿಗಳಿಗೆ ಆಹಾರ ಹಾಕಿ, ಶೆಡ್ಡು ತೊಳೆದು, ವಾರಕ್ಕೊಮ್ಮೆ ತೂಕ ಮಾಡಿಸುವವಳು ವಿಮಲಾ. ರಾಯಪುರಂನಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ, ಗಂಡನಿಗೆ ಬಂದರಿನಲ್ಲಿ ಮೂಟೆ ಹೊರುವ ಕೆಲಸ. ಇವರಿಬ್ಬರ ನಡುವೆ, ಪ್ರಯೋಗಕ್ಕೂ ತಮಗೂ ಏನೂ ಸಂಬಂಧವಿಲ್ಲ ಎಂದುಕೊಂಡಿದ್ದವರು ಕ್ಯಾಂಟೀನಿನ ಹರಿದಾಸರು.

ಹರಿದಾಸರು ಉಡುಪಿ ಕಡೆಯವರು. ಮೂವತ್ತೊಂದು ವರ್ಷದಿಂದ ಈ ಊರಿನ ಸಸ್ಯಾಹಾರಿ ಹೋಟೆಲುಗಳಲ್ಲಿ ಸೌಟು ಹಿಡಿದ ಕೈ. ಊಟಕ್ಕೆ ಮುಂಚೆ ಮೊದಲ ಸೌಟು ಗೋವಿಗೆ ಎತ್ತಿಡುವುದು ಅವರ ಮನೆತನದ ಪದ್ಧತಿ. ಗೋಗ್ರಾಸ ಇಡದೆ ಅವರಿಗೆ ತುತ್ತು ಗಂಟಲಿಗಿಳಿಯುವುದಿಲ್ಲ. ಮೊದಲೆಲ್ಲ ನಮ್ಮ ಗೇಟಿಗೆ ಒಂದು ಬಿಡಾಡಿ ಹಸು ಬಂದು ನಿಲ್ಲುತ್ತಿತ್ತು. ರಸ್ತೆ ಅಗಲ ಮಾಡಿದ ಮೇಲೆ ಅದು ಬರುವುದು ನಿಂತಿತು. ಹರಿದಾಸರು ಎರಡು ದಿನ ಉಪವಾಸವಿದ್ದರು. ಮೂರನೆಯ ದಿನ, ನಾಲ್ಕು ಕಾಲಿನ ಜೀವ ಹತ್ತಿರದಲ್ಲಿ ಯಾವುದಿದೆ ಎಂದು ಸುತ್ತಮುತ್ತ ಕಣ್ಣಾಡಿಸಿದರು. ಅಡುಗೆಮನೆಯ ಹಿಂಬಾಗಿಲಿಂದ ಹತ್ತು ಹೆಜ್ಜೆಗೆ ಎರಡನೇ ಶೆಡ್ಡು ಇತ್ತು. ಒಂದನೇ ಶೆಡ್ಡು ನೂರು ಹೆಜ್ಜೆ ದೂರ, ದಾರಿಯುದ್ದಕ್ಕೂ ಬಿಸಿಲು.

ಆರು ಹಂದಿಗಳಿರುವಾಗ ಒಂದಕ್ಕೆ ಮಾತ್ರ ಕೊಡುವುದು ಪಂಕ್ತಿಭೇದವಾಗುತ್ತದೆ. ಆದ್ದರಿಂದ ಆರಕ್ಕೂ ಒಂದೊಂದು ಸೌಟು. ಮೈ ಬೆಳೆದ ಹಾಗೆ ಎರಡೆರಡು. ಏಪ್ರಿಲ್ ಕೊನೆಯ ಹೊತ್ತಿಗೆ ಅದು ಒಂದು ಬಕೆಟ್ಟು ಗಟ್ಟಿ ಬೇಳೆ ಸಾಂಬಾರು, ಶುಕ್ರವಾರಗಳಲ್ಲಿ ಮೇಲಿಂದ ಕಡಲೆ ಸುಂಡಲು, ಅಂದರೆ ನಮ್ಮ ಉಸಲಿ. ವಿಮಲಾ ಇದನ್ನು ದಿನಾ ನೋಡುತ್ತಿದ್ದಳು. ಬಕೆಟ್ಟಿನ ಮೇಲೆ ಕೇಂದ್ರದ ಹೆಸರು ಬರೆದಿದ್ದರಿಂದ ಮೇಲಿನವರ ಅಪ್ಪಣೆಯಿಂದಲೇ ಬರುತ್ತಿದೆ ಎಂದು ತಿಳಿದಿದ್ದಳು. ನಮ್ಮಲ್ಲಿ ಬಕೆಟ್ಟುಗಳ ಮೇಲೆಲ್ಲ ಕೇಂದ್ರದ ಹೆಸರು ಇರುತ್ತದೆ, ಕಳುವಾಗದಿರಲಿ ಎಂದು.

ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ಹೊಟ್ಟೆತುಂಬ ಪ್ರೋಟೀನು ತಿಂದ ಒಂದನೇ ಶೆಡ್ಡಿನ ಹಂದಿಗಳು ನೆಟ್ಟಗೆ ಬೆಳೆದಿದ್ದವು. ಕಡಿಮೆ ತಿಂದ ಎರಡನೇ ಶೆಡ್ಡಿನವು ಅವನ್ನೂ ಮೀರಿಸಿ, ಬಾಗಿಲಲ್ಲಿ ತೂರದ ಹಾಗೆ ಬೆಳೆದಿದ್ದವು. ಲೈಸೀನ್ ಎಂಬ ಮುಖ್ಯ ಅಮೈನೊ ಆಮ್ಲವನ್ನು ಅವು ನೂರು ಗ್ರಾಂ ತಿಂದು ನೂರಾ ಒಂಬತ್ತು ಗ್ರಾಂ ಮೈಗೆ ಹತ್ತಿಸಿಕೊಂಡಿದ್ದವು.

ವೀಕ್ಷಾ ಕಾಗದ ಹಿಡಿದುಕೊಂಡು ನಿರ್ದೇಶಕರ ಕೋಣೆಗೆ ಹೋದಳು. ನಾನೂ ಅಲ್ಲೇ ಇದ್ದೆ. ನಿರ್ದೇಶಕರು ಡಾಕ್ಟರ್ ಕೃಷ್ಣರಾಜರು, ಮೈಸೂರಿನವರು. ನಿವೃತ್ತಿಗೆ ಎಂಟು ತಿಂಗಳಿತ್ತು, ಸೇವೆ ಎರಡು ವರ್ಷ ಮುಂದುವರಿಯಲಿ ಎಂಬ ಆಸೆ ಇತ್ತು.

"ಸಾರ್, ದಿಸ್ ಈಸ್ ನಾಟ್ ಪಾಸಿಬಲ್," ಎಂದಳು ವೀಕ್ಷಾ. "ತಿಂದಿದ್ದಕ್ಕಿಂತ ಜಾಸ್ತಿ ಹೇಗೆ ಅಬ್ಸಾರ್ಬ್ ಆಗತ್ತೆ? ಎಲ್ಲೋ ಮಿಸ್ಟೇಕ್ ಇದೆ."

"ತಕ್ಕಡಿ ಸರಿಯಾಗಿದೆಯೇನಮ್ಮ?"

"ಮೂರು ಸಲ ಚೆಕ್ ಮಾಡ್ಸಿದೀನಿ ಸಾರ್."

"ಲೆಕ್ಕ?"

"ಅದೂ ಸರಿ ಇದೆ."

"ಮತ್ತೆ ತಪ್ಪು ಎಲ್ಲಿದೆ? ತಕ್ಕಡಿ ಸರಿ, ಲೆಕ್ಕ ಸರಿ, ಹಂದಿ ಕಣ್ಣೆದುರಿಗಿದೆ. ಕೊರತೆ ಬಿದ್ದಾಗ ದೇಹ ಎಚ್ಚೆತ್ತುಕೊಳ್ಳತ್ತೆ ಅನ್ನೋದು ಇದರಿಂದ ಗೊತ್ತಾಯ್ತು. ಏನ್ರೀ ಮುರಳೀಧರ?"

ಹೌದು ಸಾರ್ ಎಂದೆ. ಹದಿನಾಲ್ಕನೇ ತಾರೀಕಿನ ಸಭೆಗೆ ಆವತ್ತೇ ನೋಟಿಸು ಹೋಯಿತು.

ಸತ್ಯ ಸ್ಥಾಪಿತವಾದ ಮೇಲೆ ಅದನ್ನು ಸುಮ್ಮನೆ ಇಟ್ಟುಕೊಳ್ಳುವುದು ಸರಿಯಲ್ಲ. ಜೂನ್ ಇಪ್ಪತ್ತನಾಲ್ಕರಂದು ಈ ಕೆಳಗಿನ ಸುತ್ತೋಲೆ ಹೊರಟಿತು:

"ಕೊರತೆಯಿಂದ ಪೋಷಣೆ ಹೆಚ್ಚುತ್ತದೆಂಬುದು ನಮ್ಮ ಕೇಂದ್ರದಲ್ಲೇ ಸಿದ್ಧವಾಗಿರುವುದರಿಂದ, ಅದರ ಪ್ರಯೋಜನವನ್ನು ಹಂದಿಗಳಿಗೆ ಮಾತ್ರ ಸೀಮಿತಗೊಳಿಸುವುದು ಸಿಬ್ಬಂದಿಗೆ ಮಾಡುವ ಅನ್ಯಾಯವಾಗುತ್ತದೆ. ಆದಕಾರಣ ಜುಲೈ ಒಂದರಿಂದ ಕ್ಯಾಂಟೀನಿನ ಸಾಂಬಾರು, ಕೂಟು ಮತ್ತು ಸುಂಡಲುಗಳಲ್ಲಿ ಬೇಳೆಕಾಳುಗಳನ್ನು ಬಳಸತಕ್ಕದ್ದಲ್ಲ. ಸಾಂಬಾರಿನಲ್ಲಿ ಬೇಳೆ ಕಂಡುಬಂದಲ್ಲಿ ಅಡುಗೆಯವರು ಇಪ್ಪತ್ತನಾಲ್ಕು ಗಂಟೆಯೊಳಗೆ ಲಿಖಿತ ವಿವರಣೆ ನೀಡತಕ್ಕದ್ದು. ಸಿಬ್ಬಂದಿಯು ಪ್ರತಿ ಶುಕ್ರವಾರ ಹಂದಿಗಳ ತೂಕವಾದ ನಂತರ, ತಕ್ಕಡಿ ತೊಳೆದ ಬಳಿಕ, ತಮ್ಮ ತೂಕ ನೀಡತಕ್ಕದ್ದು."

ತೊಳೆದ ಬಳಿಕ ಎಂಬ ಮಾತನ್ನು ಸೇರಿಸಿದವನು ನಾನು. ಸಿಬ್ಬಂದಿ ಸಂಘದವರು ಬಂದು ನನಗೆ ಧನ್ಯವಾದ ಹೇಳಿದರು.

ಈಗ ವಿಮಲಾಳ ವಿಷಯ. ಆಗ ಅವಳಿಗೆ ಆರನೇ ತಿಂಗಳು. ಹೆರಿಗೆ ರಜೆಯ ಅರ್ಜಿ ನನ್ನ ಮೇಜಿನ ಮೇಲೆಯೇ ಇತ್ತು, ಅದಕ್ಕೆ ಲಗತ್ತಿಸಿದ ಆಸ್ಪತ್ರೆಯ ಚೀಟಿಯನ್ನು ಓದುವುದು ನನ್ನ ಕರ್ತವ್ಯ. ತಾಯಿಯ ತೂಕ ಏರುತ್ತಿಲ್ಲ, ಮಗು ಸಣ್ಣದಿದೆ, ದಿನಕ್ಕೆ ಎರಡು ಹೊತ್ತು ಬೇಳೆ ತಿನ್ನಲೇಬೇಕು ಎಂದು ಬರೆದು ಡಾಕ್ಟರು ಅಡಿಗೆರೆ ಎಳೆದಿದ್ದರು. ಮನೆಯಲ್ಲಿ ಮೂಟೆ ಹೊರುವವನಿಗೆ ಬಡಿಸಿ, ಅತ್ತೆಗೆ ಬಡಿಸಿ, ಉಳಿದರೆ ಅವಳಿಗೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹರಿದಾಸರು ಹಾಕುತ್ತಿದ್ದ ಎರಡು ಸೌಟು ಸಾಂಬಾರೇ ಅವಳ ಬೇಳೆ. ಜುಲೈ ಒಂದರಂದು ಅವಳ ತಟ್ಟೆಗೆ ಹುಣಸೆಹಣ್ಣಿನ ನೀರು, ಅದರಲ್ಲಿ ಮೂರು ನುಗ್ಗೆಕಾಯಿ ತುಂಡು ಬಿತ್ತು. ಅವಳು ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿ ಅನ್ನ ಕಲಸಿಕೊಂಡಳು. ನನಗೆ ನಿಜಕ್ಕೂ ಸಂಕಟವಾಯಿತು. ಆದರೆ ಸುತ್ತೋಲೆಗೆ ಕ್ರಮಸಂಖ್ಯೆ ಹಾಕಿದವನು ನಾನೇ, ಸಂಕಟಪಡಲು ನನಗೆ ಅಧಿಕಾರವಿರಲಿಲ್ಲ.

ಅದೇ ಹುಣಸೆನೀರು ಬಕೆಟ್ಟಿನಲ್ಲಿ ಎರಡನೇ ಶೆಡ್ಡಿಗೂ ಹೋಯಿತು. ಗೋಗ್ರಾಸವೆಂದರೆ ಮನುಷ್ಯರು ಉಣ್ಣುವುದರಲ್ಲಿ ಮೊದಲ ಪಾಲು, ಬೇರೆ ಅಡುಗೆ ಮಾಡಿ ಇಡುವಂತಿಲ್ಲ. ಹಂದಿಗಳು ಮೂಸಿ ನೋಡಿ ಹರಿದಾಸರ ಮುಖ ನೋಡಿದವು. ಜುಲೈ ಮೂರನೇ ವಾರದ ಹೊತ್ತಿಗೆ ಅವುಗಳ ಪಕ್ಕೆಲುಬು ಎಣಿಸಬಹುದಾಗಿತ್ತು.

ಇತ್ತ ಈ ಹಂದಿಗಳನ್ನು ಕಣ್ಣಾರೆ ನೋಡಬೇಕೆಂದು ದೆಹಲಿಯಿಂದ ಮೂವರು ತಜ್ಞರು ಹೊರಟಿದ್ದರು. ನಿರ್ದೇಶಕರು ಶೆಡ್ಡಿಗೆ ಬಂದು, ಹಂದಿಗಳನ್ನು ನೋಡಿ, ತಜ್ಞರ ಭೇಟಿಯನ್ನು ಅಕ್ಟೋಬರಿಗೆ ಮುಂದೂಡಿದರು. ವೀಕ್ಷಾ ಮಾತ್ರ ಅಲ್ಲೇ ನಿಂತಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಶೆಡ್ಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಹನ್ನೆರಡು ಗಂಟೆಗೆ ಹರಿದಾಸರು ಬಕೆಟ್ಟು ಹಿಡಿದು ಬಂದರು.

"ವಾಟ್ ಈಸ್ ದಿಸ್, ಅಂಕಲ್?"

"ಗೋಗ್ರಾಸ ಅಲ್ವಾ ಮಗಾ. ದಿನಾ ಇಡುದು."

"ದಿನಾನಾ? ಯಾವತ್ತಿಂದ?"

"ಮಾರ್ಚಿಂದ. ಆಗ ಗಟ್ಟಿ ಬೇಳೆ ಇತ್ತು, ಈಗ ಎಂಥದೂ ಇಲ್ಲ, ಬರೀ ನೀರು. ಪಾಪ, ಅವಕ್ಕೂ ರುಚಿಸುದಿಲ್ಲ."

"ಇದು ಹಂದಿ, ಅಂಕಲ್. ಕೌ ಅಲ್ಲ."

"ದನ ಎಲ್ಲುಂಟು ಇಲ್ಲಿ? ಹಂದಿಯಾದ್ರೂ ಉಂಟಲ್ಲ. ವರಾಹ ಮಾರಾಯ್ತಿ ಅದು, ಹೊರಗಿನವರಲ್ಲ."

ಮೂರು ವರ್ಷದ ಕೆಲಸ ಒಂದು ಬಕೆಟ್ಟಿನಲ್ಲಿ ಮುಳುಗಿದ್ದನ್ನು ನೋಡಿ ಆ ಹುಡುಗಿ ಮೊದಲು ಅತ್ತಳು, ಆಮೇಲೆ ನಕ್ಕಳು. ಪಕ್ಕದಲ್ಲೇ ಪೊರಕೆ ಹಿಡಿದು ನಿಂತ ವಿಮಲಾಳ ಹೊಟ್ಟೆ, ಬಾಡಿದ ಮುಖ ಎರಡನ್ನೂ ನೋಡಿ ನಗು ನಿಲ್ಲಿಸಿದಳು. ಸಂಜೆಯೊಳಗೆ ಎರಡು ಪುಟದ ಪತ್ರ ಬರೆದು ನನ್ನ ಕೈಗೆ ಕೊಟ್ಟಳು. ಫಲಿತಾಂಶ ಸುಳ್ಳು, ಹಂದಿಗಳು ಬೇಳೆ ತಿಂದಿವೆ, ಸುತ್ತೋಲೆ ಹಿಂತೆಗೆದುಕೊಂಡು ಸಿಬ್ಬಂದಿಗೆ, ಅದರಲ್ಲೂ ವಿಮಲಾಳಿಗೆ, ಕೂಡಲೇ ಬೇಳೆ ಕೊಡಬೇಕು ಎಂದಿತ್ತು. ಅಂಥ ಪತ್ರ ಬರೆಯುವ ಧೈರ್ಯ ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ನನಗೆ ಒಮ್ಮೆಯೂ ಬಂದಿಲ್ಲ. ನಾನು ಅದಕ್ಕೆ ಸ್ವೀಕೃತಿ ಮುದ್ರೆ ಒತ್ತಿದೆ.

ಪತ್ರವನ್ನು ಗಂಭೀರವಾಗಿ ಪರಿಗಣಿಸಿ ಸಮಿತಿ ರಚಿಸಲಾಯಿತು. ಅಧ್ಯಕ್ಷರು ಡಾಕ್ಟರ್ ರಘುರಾಮರು. ನಿವೃತ್ತರಾದ ಮೇಲೆ ಹತ್ತೊಂಬತ್ತು ಸಮಿತಿಗಳಲ್ಲಿ ಕೂತಿದ್ದಾರೆ, ಒಂದರಲ್ಲೂ ಯಾರಿಗೂ ನೋವಾಗಿಲ್ಲ. ಜುಲೈ ಮೂವತ್ತರಂದು ವಿಚಾರಣೆ ನಡೆಯಿತು. ಹರಿದಾಸರು ಕೈಕಟ್ಟಿ ನಿಂತರು.

"ನೀವು ಹಂದಿಗಳಿಗೆ ಬೇಳೆ ಹಾಕಿದ್ದು ಹೌದೋ?"

"ಹಂದಿಗೆ ಅಂತ ಹಾಕಿದ್ದಲ್ಲ ಸಾರ್. ಸುಳ್ಳು ಯಾಕೆ ಹೇಳುದು. ಗೋವಿಗೆ ಅಂತ ಎತ್ತಿಟ್ಟದ್ದು."

"ಎತ್ತಿಟ್ಟ ಮೇಲೆ ಅದು ಯಾರದು?"

"ಗೋವಿನದ್ದು. ಅದರಲ್ಲಿ ಸಂಶಯ ಎಂಥದ್ದು?"

ರಘುರಾಮರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ನಮ್ಮ ಪ್ರಾಣಿಗಳ ರಿಜಿಸ್ಟರಿನಲ್ಲಿ ಗೋವು ಇದೆಯೇ?"

"ಇಲ್ಲ ಸಾರ್."

"ಇಲ್ಲದ ಗೋವು ತಿಂದದ್ದೆಷ್ಟು ಅಂತ ಬರೆಯಬೇಕು?"

"ಸೊನ್ನೆ ಸಾರ್."

"ಬಟ್ ಸಾರ್, ತಿಂದಿದ್ದು ಹಂದಿ!" ಎಂದು ವೀಕ್ಷಾ ಎದ್ದು ನಿಂತಳು.

"ಕೂತ್ಕೊಳಮ್ಮ. ಹಂದಿಯ ಆಹಾರಪಟ್ಟಿಯಲ್ಲಿ ಬೇಳೆ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಹಂದಿ ತಿಂದಿತು ಅಂತ ಬರೆದರೆ ಪಟ್ಟಿ ಮಾಡಿದವರ ಮೇಲೆ ಕ್ರಮ ಆಗತ್ತೆ. ಪಟ್ಟಿ ಮಾಡಿದವಳು ನೀನೇ ಅಲ್ವಾ?"

ವೀಕ್ಷಾ ಕೂತಳು.

ಸಮಿತಿಯ ತೀರ್ಪು ನಾಲ್ಕು ಸಾಲಿನದು. ಬೇಳೆ ಗೋವಿನದು, ಗೋವು ಇಲ್ಲ, ಆದ್ದರಿಂದ ಬೇಳೆಯನ್ನು ಯಾರೂ ತಿಂದಿಲ್ಲ. ನೂರಾ ಒಂಬತ್ತು ಎಂಬ ಫಲಿತಾಂಶ ಊರ್ಜಿತ. ಹಂದಿಗಳು ಇತ್ತೀಚೆಗೆ ಬಡವಾಗಿ ಪ್ರಯೋಗದ ಮೂಲ ವಾತಾವರಣಕ್ಕೆ ಧಕ್ಕೆ ಬಂದಿರುವುದರಿಂದ, ವಾತಾವರಣವನ್ನು ಮೊದಲಿನಂತೆ ಕಾಪಾಡಲು ದಿನಕ್ಕೆ ನಾಲ್ಕು ಕಿಲೋ ತೊಗರಿಬೇಳೆಯನ್ನು 'ಗೋಗ್ರಾಸ, ಎರಡನೇ ಶೆಡ್ಡು' ಎಂಬ ಶೀರ್ಷಿಕೆಯಲ್ಲಿ ಮಂಜೂರು ಮಾಡತಕ್ಕದ್ದು. ಸಿಬ್ಬಂದಿಯ ಬೇಳೆಯ ವಿಷಯ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಹೀಗೆ ಆಗಸ್ಟ್ ಒಂದರಿಂದ ನಮ್ಮ ಕೇಂದ್ರದಲ್ಲಿ ಮನುಷ್ಯರಿಗೆ ಹುಣಸೆನೀರು, ಹಂದಿಗಳಿಗೆ ಗಟ್ಟಿ ಸಾಂಬಾರು. ಘಮ ಮಾತ್ರ ಇಬ್ಬರಿಗೂ ಸಮನಾಗಿ ಬರುತ್ತಿತ್ತು.

ಮೊದಲ ದಿನವೇ ಹರಿದಾಸರಿಗೆ ತೊಡಕಾಯಿತು. ಅವರು ಬಕೆಟ್ಟು ಕೆಳಗಿಟ್ಟು, ಸೌಟು ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ಹಂದಿಗಳು ಸಾಲಾಗಿ ಬಂದು ಕಾದವು. ನಾನು ಮಂಜೂರಾದ ಬೇಳೆ ಸರಿಯಾಗಿ ತಲುಪಿತೇ ಎಂದು ನೋಡಲು ಹೋಗಿದ್ದೆ.

"ಏನಾಯ್ತು ಹರಿದಾಸರೆ? ಹಾಕಿ ಮತ್ತೆ."

"ಹೇಗೆ ಹಾಕುದು ಸಾರ್? ಮೊದಲು ಇದು ಎತ್ತಿಟ್ಟ ಪಾಲು. ಈಗ ಇವರದ್ದೇ ಊಟ ಆಯ್ತಲ್ಲ, ಆರ್ಡರೇ ಉಂಟು. ಊಟ ಅಂದ ಮೇಲೆ ಮೊದಲ ಸೌಟು ಬೇರೆ ಜೀವಕ್ಕೆ ತೆಗೆದಿಡಬೇಕು. ಬಾಯಿಬಿಟ್ಟು ಕೇಳದ ಜೀವಕ್ಕೆ. ಅದು ಮಾಡದೆ ಬಡಿಸಿ ನಂಗೆ ಅಭ್ಯಾಸ ಇಲ್ಲ."

ಅವರು ಸುತ್ತ ನೋಡಿದರು. ನಾನೂ ನೋಡಿದೆ. ವಿಮಲಾ ಗೋಡೆಗೆ ಒರಗಿ ನಿಂತಿದ್ದಳು, ಒಂದು ಕೈ ಪೊರಕೆಯ ಮೇಲೆ, ಒಂದು ಕೈ ಸೊಂಟದ ಮೇಲೆ. ಒಂದು ತಿಂಗಳಿನಿಂದ ಅವಳು ಯಾರನ್ನೂ ಏನೂ ಕೇಳಿರಲಿಲ್ಲ.

ಹರಿದಾಸರು ಬಾಳೆಲೆಯ ಚೂರು ತಂದು ಕಟ್ಟೆಯ ಮೇಲೆ ಹಾಸಿ, ಬಕೆಟ್ಟಿನ ತಳದಿಂದ ಗಟ್ಟಿಯಾದದ್ದನ್ನು ಒಂದು ಸೌಟು ತುಂಬ ಎತ್ತಿ ಹಾಕಿದರು.

"ತಕೊ ತಂಗಿ."

"ಪರವಾಯಿಲ್ಲೆ ಅಣ್ಣಾ, ಪಸಿ ಇಲ್ಲೆ," ಎಂದಳು ವಿಮಲಾ. ಹಸಿವಿಲ್ಲವಂತೆ. ಹಾಗೆ ಹೇಳುವಾಗ ಅವಳ ಕಣ್ಣು ಎಲೆಯಿಂದ ಕದಲಲಿಲ್ಲ.

"ನಿಂಗಲ್ಲ, ಒಳಗಿದ್ದದ್ದಕ್ಕೆ. ಅದು ಕೇಳ್ಲಿಕ್ಕೆ ಆಗುದಿಲ್ಲ ಅಲ್ವಾ. ನೀ ಉಣ್ಣದೆ ಇವು ಉಣ್ಣುವ ಹಾಗಿಲ್ಲ. ನೋಡು, ಪಾಪ ಕಾಯ್ತಾ ಉಂಟು."

ಅವಳು ಕುಳಿತು ಉಂಡಳು. ಎರಡನೇ ಸೌಟು ಬಿತ್ತು, ಅದನ್ನೂ ಉಂಡಳು. ಹಂದಿಗಳು ಕಾದವು. ಯಾಕೋ ನನ್ನ ಕನ್ನಡಕ ಮಂಜಾಯಿತು. ಸಾಂಬಾರಿನ ಹಬೆಯಿಂದ ಎಂದು ಬರೆಯಬಹುದು, ಆದರೆ ಈ ವರದಿಯನ್ನು ಯಾರೂ ಕೇಳಿಲ್ಲವಾದ್ದರಿಂದ ಹೇಳುತ್ತೇನೆ, ಹಬೆಯಿಂದಲ್ಲ.

ಎರಡನೆಯ ದಿನ ತೋಟದ ಮಾಲಿ ಬಾಯಿಬಿಟ್ಟು ಕೇಳದೆ ಬಂದು ನಿಂತ. ಮೂರನೆಯ ದಿನ ಟೈಪಿಸ್ಟು, ಡ್ರೈವರು, ಪ್ರಯೋಗಾಲಯದ ಇಬ್ಬರು. ಯಾರೂ ಏನೂ ಕೇಳುತ್ತಿರಲಿಲ್ಲ, ಕೇಳಿದರೆ ಪದ್ಧತಿಗೆ ಹೊರಗಾಗುತ್ತಿದ್ದರು. ಒಂದು ವಾರದಲ್ಲಿ ನಲವತ್ತಮೂರು ಮಂದಿ ಸಿಬ್ಬಂದಿ ಎರಡನೇ ಶೆಡ್ಡಿನ ಮುಂದೆ ಮೌನವಾಗಿ ಸಾಲುನಿಂತರು. ಗದ್ದಲವಾಗಬಾರದೆಂದು ನಾನು ಸೇವಾ ಹಿರಿತನದ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಪಟ್ಟಿಯ ತಲೆಯಲ್ಲಿ, ಎಲ್ಲ ನಿಯಮ ಮೀರಿ, ದಿನಗೂಲಿಯ ವಿಮಲಾಳ ಹೆಸರು ಬರೆದೆ. ನನ್ನ ಸೇವೆಯಲ್ಲಿ ನಾನು ಮಾಡಿದ ಏಕೈಕ ಅಕ್ರಮ ಅದು. ಯಾರೂ ಆಕ್ಷೇಪಿಸಲಿಲ್ಲ. ಹಂದಿಗಳ ಪಾಲು ತೆಳುವಾಗಿ ತೂಕ ಇಳಿದಾಗಲೆಲ್ಲ ವಾತಾವರಣ ಕೆಟ್ಟಿದೆ ಎಂದು ಟಿಪ್ಪಣಿ ಹೋಗುತ್ತಿತ್ತು, ಬೇಳೆ ಏರುತ್ತಿತ್ತು. ಈಗ ದಿನಕ್ಕೆ ಹದಿನಾರು ಕಿಲೋ.

ಸೆಪ್ಟೆಂಬರ್ ಇಪ್ಪತ್ತೇಳರಂದು ವಿಮಲಾ ಹೆತ್ತಳು. ಗಂಡುಮಗು, ಮೂರು ಕಿಲೋ ನೂರು ಗ್ರಾಂ, ಅತ್ತರೆ ವಾರ್ಡೆಲ್ಲ ಕೇಳಿಸುತ್ತಿತ್ತಂತೆ. ಹರಿದಾಸರು ಆ ದಿನ ಬಕೆಟ್ಟಿಗೆ ಬೆಲ್ಲದ ಪಾಯಸ ಮಾಡಿ ತಂದರು. ಸಂತೋಷಪಟ್ಟವರಲ್ಲಿ ಎಲ್ಲರಿಗಿಂತ ಮುಂದಿದ್ದವರು ನಿರ್ದೇಶಕರು. ಕ್ಯಾಂಟೀನಿನ ದಾಖಲೆಯ ಪ್ರಕಾರ ವಿಮಲಾ ಮೂರು ತಿಂಗಳಿನಿಂದ ಒಂದು ಕಾಳು ಬೇಳೆ ತಿಂದಿರಲಿಲ್ಲ. ವಾರ್ಷಿಕ ವರದಿಯ ನಾಲ್ಕನೇ ಪಟ್ಟಿಯಲ್ಲಿ ಆರು ಹಂದಿಗಳ ಕೆಳಗೆ ಹೊಸ ಸಾಲು ಸೇರಿತು: 'ಮಾನವ, ಒಂದು, ಫಲಿತಾಂಶ ಅತ್ಯುತ್ತಮ.' ಮಗುವಿನ ಹೆಸರು ಸಾಯಿ ಎಂದು ಅಡಿಟಿಪ್ಪಣಿಯಲ್ಲಿದೆ.

ವೀಕ್ಷಾಳ ಪತ್ರ ಅವಳ ಪ್ರಬಂಧದ ಏಳನೇ ಅನುಬಂಧವಾಗಿ ಅಚ್ಚಾಯಿತು. ಪರೀಕ್ಷಕರು ಪ್ರಬಂಧವನ್ನು ಬಹಳ ಮೆಚ್ಚಿದರು. ಅನುಬಂಧಗಳು ಸಾಕಷ್ಟಿವೆ ಎಂದೂ ಬರೆದರು.

ಅಕ್ಟೋಬರಿನಲ್ಲಿ ದೆಹಲಿಯ ತಜ್ಞರು ಬಂದರು. ಎರಡನೇ ಶೆಡ್ಡಿನ ಹಂದಿಗಳನ್ನು ಸುತ್ತು ಹಾಕಿ ನೋಡಿ ದಂಗಾದರು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಎಲೆ ಹಾಸಿಕೊಂಡು ಕೂತ ನಮ್ಮನ್ನು ನೋಡಿದರು. ಸಾಲಿನ ತಲೆಯಲ್ಲಿ ವಿಮಲಾ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಉಣ್ಣುತ್ತಿದ್ದಳು. ರಜೆ ಇನ್ನೂ ಇತ್ತು, ಊಟಕ್ಕೆ ಮಾತ್ರ ಬರುತ್ತಿದ್ದಳು.

"ಇವರೆಲ್ಲ ಏನು ತಿನ್ನುತ್ತಿದ್ದಾರೆ?" ಎಂದು ಹಿರಿಯ ತಜ್ಞರು ಕೇಳಿದರು.

"ಇವರು ಏನೂ ತಿನ್ನುತ್ತಿಲ್ಲ ಸಾರ್," ಎಂದರು ನಿರ್ದೇಶಕರು. "ಅದು ಹಂದಿಗಳ ಪಾಲು."

"ಹಂದಿಗಳು?"

"ಅವೂ ತಿನ್ನುವುದಿಲ್ಲ. ಅದು ಗೋವಿನ ಪಾಲು. ದಾಖಲೆ ಇದೆ." ನಾನು ಕಡತ ತೆರೆದು ತೋರಿಸಿದೆ.

ತಜ್ಞರು ಮೂವರೂ ಓದಿ, ಸಹಿ ಹಾಕಿ, ಗಡಿಯಾರ ನೋಡಿಕೊಂಡರು. ಒಂದು ಗಂಟೆಯಾಗಿತ್ತು. ಬೆಳಗಿನ ವಿಮಾನದಲ್ಲಿ ಬಂದವರು, ಹೊಟ್ಟೆ ಚುರುಗುಟ್ಟುತ್ತಿತ್ತೆಂದು ಕಾಣುತ್ತದೆ. ಏನನ್ನೂ ಕೇಳದೆ ಬಂದು ಸಾಲಿನ ಕೊನೆಯಲ್ಲಿ, ಸೇವಾ ಹಿರಿತನದಂತೆ ಕೂತರು. ಹರಿದಾಸರು ಮೂರು ಎಲೆ ಹಾಸಿ ಬಡಿಸಿದರು.

ನಿರ್ದೇಶಕರ ಸೇವೆ ಎರಡು ವರ್ಷ ಮುಂದುವರಿದಿದೆ. ಶುಕ್ರವಾರದ ತೂಕದಲ್ಲಿ ನಾನೂ ಎರಡು ಕಿಲೋ ಏರಿದ್ದೇನೆ, ಏನನ್ನೂ ತಿನ್ನದೆ. ಹಂದಿಗಳು ಈಗ ಎಂಥ ಸಾಂಬಾರನ್ನು ಎದುರಿಗಿಟ್ಟರೂ, ವಿಮಲಾ ಕೈ ತೊಳೆದು ಏಳುವವರೆಗೆ ಬಾಯಿ ಹಾಕುವುದಿಲ್ಲ.